ಯುದ್ಧ ನೋಡಿ ಬಂದ ಅಪ್ಪನ ಜೊತೆ ಬೆಳೆದವರು ಇಲ್ಲಿ ಯಾರಾದರೂ ಇದ್ದೀರಾ?

ಆಳಂದದ ಮಗಳು

ನೇರವಾಗಿ ಕೇಳುತ್ತೇನೆ. ಮಿಲಿಟರಿಯಿಂದ ರಿಟೈರ್ ಆಗಿ ಬಂದ ಅಪ್ಪ. ಒಳ್ಳೆಯ ಮನುಷ್ಯ, ಊರಲ್ಲಿ ಮರ್ಯಾದೆ ಇದೆ, ಯಾರಿಗೂ ಮೋಸ ಮಾಡಿದವರಲ್ಲ. ಆದರೆ ಮನೆಯೊಳಗೆ ಎಲ್ಲರೂ ಅವರ ಮುಖ ನೋಡಿಕೊಂಡೇ ಬಾಯಿ ತೆರೆಯಬೇಕು. ಇಂಥ ಮನೆಯಲ್ಲಿ ಬೆಳೆದವರು ಇದ್ದೀರಾ? ಇದರ ಬಗ್ಗೆ ಮನೆಯಲ್ಲಿ ಯಾವತ್ತಾದರೂ ಮಾತಾಡಿದ್ದೀರಾ? ಮಾತಾಡಿದ್ದರೆ ಎಲ್ಲಿಂದ ಶುರು ಮಾಡಿದಿರಿ?

ನಮ್ಮಪ್ಪ ಶ್ರೀಲಂಕಾಕ್ಕೆ ಹೋಗಿದ್ದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿದ್ದರು. 1987ರ ಜುಲೈ 29ಕ್ಕೆ ಭಾರತ-ಶ್ರೀಲಂಕಾ ಒಪ್ಪಂದ ಆಯಿತು, ಅಕ್ಟೋಬರ್‌ಗೆ ಜಾಫ್ನಾದಲ್ಲಿ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ ಜೊತೆ ಪೂರಾ ಯುದ್ಧವೇ ಶುರುವಾಯಿತು, 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ವಾಪಸ್ ಬಂತು. ಅಷ್ಟರಲ್ಲಿ ನಮ್ಮ ಸುಮಾರು 1,200 ಸೈನಿಕರು ತೀರಿಕೊಂಡಿದ್ದರು. ಇದೆಲ್ಲ ನಾನು ಓದಿ ತಿಳಿದುಕೊಂಡದ್ದು, ಅಪ್ಪನ ಬಾಯಿಂದ ಒಂದು ಮಾತೂ ಬಂದಿಲ್ಲ. ಕಾರ್ಗಿಲ್ ಅಂದರೆ ಜನ ಕೈ ಮುಗಿಯುತ್ತಾರೆ. ಶ್ರೀಲಂಕಾ ಅಂದರೆ "ಅಲ್ಲಿಗ್ಯಾಕ ಹೋಗಿದ್ರಿ ನೀವು?" ಅಂತ ಅಪ್ಪನ ಎದುರಿಗೇ ಕೇಳಿದವರನ್ನು ನೋಡಿದ್ದೇನೆ. ಆ ಪಡೆ ಮದ್ರಾಸಿಗೆ ಬಂದು ಇಳಿದಾಗ ಅಲ್ಲಿನ ಮುಖ್ಯಮಂತ್ರಿ ಸ್ವಾಗತಕ್ಕೂ ಹೋಗಲಿಲ್ಲ.

ನಮ್ಮ ಹೊಲದ ದಾರಿಯಲ್ಲಿ ಒಂದು ಮೋರಿ ಇದೆ. ಎಳ್ಳಮವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಕಟ್ಟಿಕೊಂಡು ಎಲ್ಲರೂ ಟ್ರ್ಯಾಕ್ಟರ್‌ನಲ್ಲಿ ಹೊರಟಿರುತ್ತೇವೆ. ಮೋರಿ ಹತ್ತಿರ ಬಂದ ಕೂಡಲೇ ಅಪ್ಪ ಕೈ ಎತ್ತಿ ಗಾಡಿ ನಿಲ್ಲಿಸುತ್ತಾರೆ. ತಾವೊಬ್ಬರೇ ಇಳಿಯುತ್ತಾರೆ. ಬಗ್ಗಿ ಪೈಪಿನೊಳಗೆ ಈ ಕಡೆಯಿಂದ ನೋಡಿ, ಆ ಕಡೆ ಹೋಗಿ ಮತ್ತೆ ನೋಡುತ್ತಾರೆ. ಎಲ್ಲಾದರೂ ಹೊಸದಾಗಿ ಅಗೆದ ಮಣ್ಣು ಕಂಡರೆ ಕೋಲಿನಿಂದ ಮೆಲ್ಲಗೆ ಕೆದಕುತ್ತಾರೆ. ಆಮೇಲೆ ಬನ್ನಿ ಅಂತ ಕೈ ಬೀಸುತ್ತಾರೆ. ಅಲ್ಲಿಯತನಕ ಟ್ರ್ಯಾಲಿಯಲ್ಲಿ ಯಾರೂ ಮಾತಾಡುವುದಿಲ್ಲ, ಚಿಕ್ಕ ಮಕ್ಕಳೂ ಇಲ್ಲ. ದಾಟಿದ ಮೇಲೆ ಅವ್ವ "ಭಜ್ಜಿಗಿ ಉಪ್ಪು ಸಾಕಾಗ್ಯದೋ ಇಲ್ಲೋ" ಅಂತ ಏನೋ ಒಂದು ಮಾತು ತೆಗೆಯುತ್ತಾಳೆ, ಆಗ ಎಲ್ಲರೂ ಉಸಿರು ಬಿಡುತ್ತೇವೆ. ನಮ್ಮ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಿಲ್ಲ.

ಹೊತ್ತು ಮುಳುಗುವಾಗ ಅಪ್ಪ ಅಂಗಳದಲ್ಲಿ ಬಂದು ನಿಲ್ಲುತ್ತಾರೆ, ಆಗ ಮಾತಾಡಿಸಿದರೆ ಸಿಟ್ಟು. ರಾತ್ರಿ ಚೀರಿ ಏಳುತ್ತಾರೆ. ಮದುವೆ ಮೆರವಣಿಗೆಗೆ ಬರುವುದಿಲ್ಲ, ಪಟಾಕಿ ಇರುತ್ತದೆ ಅಂತ. ನಾನು ಹುಟ್ಟಿದ್ದು ಅವರು ವಾಪಸ್ ಬಂದ ಮೇಲೆ. ಮೊದಲಿನ ಅಪ್ಪ ಹೇಗಿದ್ದರೋ ನನಗೆ ಗೊತ್ತಿಲ್ಲ. ಸೋದರತ್ತೆ ಹೇಳುತ್ತಾಳೆ, ಫೌಜಿಗೆ ಹೋಗುವ ಮೊದಲು ರಾತ್ರಿಯೆಲ್ಲ ಕೂತು ತತ್ವಪದ ಹಾಡುತ್ತಿದ್ದರಂತೆ. ನಾನು ಅವರ ದನಿಯಲ್ಲಿ ಒಂದು ಸಾಲು ಹಾಡೂ ಕೇಳಿಲ್ಲ.

ಈಗ ಕೇಳಲು ಕಾರಣ ನನ್ನ ಮಗ. ಒಂದನೇ ಕ್ಲಾಸು. ಮೊನ್ನೆ ಗೆಳೆಯನನ್ನು ಮನೆಗೆ ಕರಕೊಂಡು ಬಂದವನು ಬಾಗಿಲಲ್ಲೇ ಅವನ ಬಾಯಿಗೆ ಕೈ ಅಡ್ಡ ಇಟ್ಟು "ಮುತ್ಯಾ ಅದಾನ, ಸಪ್ಪಳ ಮಾಡಬ್ಯಾಡ" ಅಂದ. ನನಗೆ ಎದೆ ಹಿಂಡಿದ ಹಾಗಾಯಿತು. ಜಾಫ್ನಾ ಎಲ್ಲಿದೆ ಅಂತಲೂ ಈ ಹುಡುಗನಿಗೆ ಗೊತ್ತಿಲ್ಲ.

ಭಾಲ್ಕಿ ಹುಡುಗ

ಅಕ್ಕಾ, ನಿಮ್ಮ ಮೋರಿ ಓದಿ ಎರಡು ಸಲ ಫೋನ್ ಕೆಳಗಿಟ್ಟೆ. ನಮ್ಮಪ್ಪ ಕಾರ್ಗಿಲ್. ಇಲ್ಲಿ ಮರ್ಯಾದೆಗೇನೂ ಕಮ್ಮಿ ಇಲ್ಲ. ಜುಲೈ 26 ಬಂತೆಂದರೆ ಶಾಲೆಯವರು ಕರೆದುಕೊಂಡು ಹೋಗಿ ಶಾಲು ಹೊದಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ. ಯಾಕೆಂದರೆ ಅವರು ಕುಡಿಯುತ್ತಾರೆ, ಆಮೇಲೆ ಅಳುತ್ತಾರೆ, ಆಮೇಲೆ ನಾವು ಯಾಕೆ ನೋಡಿದೆವು ಅಂತ ಸಿಟ್ಟಾಗುತ್ತಾರೆ. 527 ಮಂದಿ ಸತ್ತರು ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಅದರಲ್ಲಿ ಅಪ್ಪನಿಗೆ ಹೆಸರು ಹಿಡಿದು ಕರೆಯುವಷ್ಟು ಗೊತ್ತಿದ್ದವರು ಇದ್ದಾರೆ. ನಿದ್ದೆಯಲ್ಲಿ ಆ ಹೆಸರುಗಳನ್ನು ಕೂಗುತ್ತಾರೆ. ನನಗೆ ಆ ಹೆಸರುಗಳು ಬಾಯಿಪಾಠ.

ನನಗೆ ಜಾಸ್ತಿ ಕಾಡುವುದು ಅವರ ಸಿಟ್ಟಲ್ಲ. ಅವರು ಯಾವುದಕ್ಕೂ ಖುಷಿ ಪಡುವುದಿಲ್ಲ. ನಾನು ಡಿಗ್ರಿ ಪಾಸಾದೆ, ತಂಗಿಯ ಮದುವೆ ಆಯಿತು, ಅವಳಿಗೆ ಮಗು ಆಯಿತು. ಕೂಸನ್ನು ಕೈಗೆ ಕೊಟ್ಟರೆ ಹಿಡಿದುಕೊಂಡು ಸುಮ್ನೆ ನೋಡಿದರು, ವಾಪಸ್ ಕೊಟ್ಟರು. ತಂಗಿ ಬಾಣಂತಿ ಕೋಣೆಯಲ್ಲಿ ಎಷ್ಟು ಅತ್ತಳೋ. ಅಪ್ಪನಿಗೆ ನಮ್ಮ ಮೇಲೆ ಪ್ರೀತಿ ಇಲ್ಲ ಅಂತಲೇ ಅವಳು ಇವತ್ತಿಗೂ ನಂಬಿದ್ದಾಳೆ.

ಶಹಾಪುರದವ

ನಿಮ್ಮ ನೋವು ಅರ್ಥ ಆಗುತ್ತದೆ, ಆದರೆ ದೇಶಕ್ಕಾಗಿ ಹೋಗಿ ಬಂದ ತಂದೆಯ ಬಗ್ಗೆ ಹೀಗೆ ಎಲ್ಲರ ಮುಂದೆ ಹೇಳುವುದು ನನಗೆ ಸರಿ ಅನ್ನಿಸುತ್ತಿಲ್ಲ. ಅವರು ಅಷ್ಟು ಕಷ್ಟ ಪಟ್ಟಿದ್ದಾರೆ, ಮನೆಯವರು ಸ್ವಲ್ಪ ಸಹಿಸಿಕೊಂಡರೆ ಏನಾಯಿತು? ಅದನ್ನು ಕಾಯಿಲೆ ಅಂತ ಕರೆದರೆ ಅವರಿಗೆ ಅವಮಾನ ಅಲ್ವಾ?

ಚಿಂಚೋಳಿ ಹವಾಲ್ದಾರ್

ಶಹಾಪುರದ ತಮ್ಮ, ನಾನೇ ರಿಟೈರ್ಡ್ ಹವಾಲ್ದಾರ್. ನನ್ನ ಮಗಳು ಹೀಗೆ ಬರೆದಿದ್ದರೆ ನನಗೆ ಅವಮಾನ ಅನ್ನಿಸುತ್ತಿರಲಿಲ್ಲ. ಯಾರೋ ಒಬ್ಬರಿಗಾದರೂ ಕಂಡಿತಲ್ಲ ಅನ್ನಿಸುತ್ತಿತ್ತು.

ಆಳಂದದ ತಂಗಿ, ನಾನು ಶ್ರೀಲಂಕಾಕ್ಕೆ ಹೋಗಿಲ್ಲ, ನನ್ನ ಸರ್ವಿಸ್ ಜಾಸ್ತಿ ಕಾಶ್ಮೀರದಲ್ಲಿ. ಆದರೆ ಟ್ರೇನಿಂಗ್‌ನಲ್ಲಿ ನಮ್ಮ ಉಸ್ತಾದರಲ್ಲಿ ಅಲ್ಲಿ ಹೋಗಿ ಬಂದವರಿದ್ದರು. ನಿಮ್ಮಪ್ಪ ಮೋರಿಯಲ್ಲಿ ಮಾಡುವುದು ಹುಚ್ಚಲ್ಲ. ಅದಕ್ಕೆ ನಮ್ಮಲ್ಲಿ ರೋಡ್ ಓಪನಿಂಗ್ ಅನ್ನುತ್ತೇವೆ. ಗಾಡಿಗಳು ಹೊರಡುವ ಮೊದಲು ಒಂದು ಪಾರ್ಟಿ ಕಾಲ್ನಡಿಗೆಯಲ್ಲಿ ಹೋಗಿ ಮೋರಿ, ಸೇತುವೆ, ಹೊಸ ಮಣ್ಣು ಎಲ್ಲ ನೋಡಿ ಬರಬೇಕು. ಜಾಫ್ನಾ ರಸ್ತೆಗಳಲ್ಲಿ ನೆಲಬಾಂಬು ಇಡುತ್ತಿದ್ದದ್ದೇ ಅಂಥ ಜಾಗದಲ್ಲಿ. ಒಂದು ಮೋರಿ ನೋಡದೆ ಬಿಟ್ಟರೆ ಹಿಂದೆ ಬರುವ ಒಂದು ಗಾಡಿ ಜನ ಹೋದರು ಅಂತಲೇ. ನಿಮ್ಮಪ್ಪ ಇವತ್ತಿಗೂ ಆ ಡ್ಯೂಟಿಯಲ್ಲಿದ್ದಾರೆ. ಈಗ ಹಿಂದಿನ ಗಾಡಿಯಲ್ಲಿ ಇರುವವರು ನೀವು.

ಹೊತ್ತು ಮುಳುಗುವಾಗ ಅಂಗಳದಲ್ಲಿ ನಿಲ್ಲುವುದೂ ಹಾಗೇ. ಅದು "ಸ್ಟ್ಯಾಂಡ್ ಟು". ಬೆಳಗಿನ ಜಾವ ಮತ್ತು ಸಂಜೆ, ಕತ್ತಲು ಬೆಳಕು ಬೆರೆಯುವ ಹೊತ್ತಿಗೆ, ದಾಳಿ ಆಗುವುದು ಜಾಸ್ತಿ. ಅದಕ್ಕೆ ಪೋಸ್ಟ್‌ನಲ್ಲಿ ಇರುವ ಪ್ರತಿಯೊಬ್ಬ ಆಗ ಹತ್ಯಾರು ಹಿಡಿದು ತನ್ನ ಜಾಗದಲ್ಲಿ ನಿಲ್ಲಬೇಕು. ವರ್ಷಗಟ್ಟಲೆ ಹಾಗೆ ನಿಂತ ಮೈಗೆ ಪೆನ್ಷನ್ ಪೇಪರ್ ಓದಲು ಬರುವುದಿಲ್ಲ. ನಾನೂ ಮೂರೂವರೆಗೆ ಎದ್ದು ಕೂರುತ್ತೇನೆ. ನನ್ನ ಹೆಂಡತಿ ಮೊದಮೊದಲು ಹೆದರುತ್ತಿದ್ದಳು, ನಾನು ಇದನ್ನು ಬಿಡಿಸಿ ಹೇಳಿದ ಮೇಲೆ ಅವಳ ಹೆದರಿಕೆ ಹೋಯಿತು. ಈಗ ಚಹಾ ಇಟ್ಟು ಮತ್ತೆ ಮಲಗುತ್ತಾಳೆ.

ನಾವು ಯಾಕೆ ಹೇಳುವುದಿಲ್ಲ ಅಂತ ಕೇಳಬಹುದು. ಸರ್ವಿಸ್‌ನಲ್ಲಿ ಇರುವಾಗ ನಿದ್ದೆ ಬರುವುದಿಲ್ಲ ಅಂತ ಡಾಕ್ಟರ್ ಹತ್ತಿರ ಹೋದರೆ ಲೋ ಮೆಡಿಕಲ್ ಕ್ಯಾಟಗರಿ ಬೀಳುತ್ತದೆ, ಪ್ರಮೋಷನ್ ನಿಲ್ಲುತ್ತದೆ ಅಂತ ಹೆದರಿಕೆ. ಜೊತೆಗಿದ್ದವರು ಏನಂದುಕೊಳ್ಳುತ್ತಾರೋ ಅಂತ ನಾಚಿಕೆ. ಮನೆಗೆ ಬಂದ ಮೇಲೆ ಬೇರೆ ಕಾರಣ. ಹೇಳಲು ಹೊರಟರೆ ಸತ್ತವರ ಹೆಸರು ಹೇಳಬೇಕು, ಅವನು ಹೋದ, ನಾನು ಯಾಕೆ ಉಳಿದೆ ಅನ್ನುವಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಭಾಲ್ಕಿ ತಮ್ಮ, ನಿಮ್ಮಪ್ಪ ಆ ಕೂಸನ್ನು ವಾಪಸ್ ಕೊಟ್ಟದ್ದು ಪ್ರೀತಿ ಇಲ್ಲದೆ ಅಲ್ಲಪ್ಪ. ಪ್ರೀತಿ ಮಾಡಿದವರು ಕಣ್ಣೆದುರು ಹೋದದ್ದನ್ನು ನೋಡಿದ ಮೇಲೆ ಇನ್ನೊಬ್ಬರನ್ನು ಎದೆಗೆ ಒತ್ತಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ತಂಗಿಗೆ ಇದನ್ನು ಹೇಳು.

ಮಾತು ತೆಗೆಯುವಾಗ "ಅಲ್ಲಿ ಏನಾಯ್ತು?" ಅಂತ ಕೇಳಬೇಡಿ. "ನಿಮ್ಮ ಜೊತೆ ಯಾರ್ಯಾರು ಇದ್ದರು, ಯಾವ ಊರಿನವರು, ಲಂಗರ್‌ನಲ್ಲಿ ಏನು ಕೊಡುತ್ತಿದ್ದರು" ಅಂತ ಕೇಳಿ. ಎದುರು ಕೂತು ಕೇಳಬೇಡಿ, ಹೊಲದಲ್ಲಿ ಪಕ್ಕದಲ್ಲಿ ನಡೆಯುತ್ತಾ ಕೇಳಿ. ಸುಮ್ಮನಾದರೆ ನೀವೂ ಸುಮ್ಮನಾಗಿ.

ಬೀದರ್ ನರ್ಸ್

ಹವಾಲ್ದಾರ್ ಕಾಕಾ ಹೇಳಿದ್ದಕ್ಕೆ ನನ್ನ ಕೆಲಸದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ನಾನು ಮನೋರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ.

ನೀವು ಬರೆದ ಎಲ್ಲವೂ, ಕೆಟ್ಟ ಕನಸು, ಸದ್ದಿಗೆ ಬೆಚ್ಚುವುದು, ಜನಜಂಗುಳಿ ತಪ್ಪಿಸುವುದು, ಯಾವಾಗಲೂ ಕಾವಲು, ಖುಷಿ ಆಗದೇ ಇರುವುದು, ಒಂದೇ ಕಾಯಿಲೆಯ ಬೇರೆ ಬೇರೆ ಮುಖಗಳು. ಪಿಟಿಎಸ್‌ಡಿ ಅನ್ನುತ್ತಾರೆ, ಅಂದರೆ ದೊಡ್ಡ ಆಘಾತ ಆದ ಮೇಲೆ ಉಳಿದುಬಿಡುವ ಮನಸ್ಸಿನ ಕಾಯಿಲೆ. ಒಂದನೇ ಮಹಾಯುದ್ಧದ ಕಾಲಕ್ಕೇ ಡಾಕ್ಟರುಗಳು ಇದನ್ನು ಗಮನಿಸಿದ್ದರು, ಆದರೆ ಈ ಹೆಸರಿನಲ್ಲಿ ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದ ಮೇಲೆ. ಆ ಯುದ್ಧಕ್ಕೆ ಹೋಗಿ ಬಂದವರ ಮೇಲೆ 1980ರ ದಶಕದಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಗಂಡಸರಲ್ಲಿ ಶೇಕಡಾ 30ರಷ್ಟು ಮಂದಿಗೆ ಯಾವುದೋ ಒಂದು ಕಾಲದಲ್ಲಿ ಇದು ಬಂದಿತ್ತು, ಶೇಕಡಾ 15ರಷ್ಟು ಮಂದಿಗೆ ಸಮೀಕ್ಷೆಯ ಹೊತ್ತಿಗೂ ಇತ್ತು. ಆ ಸಮೀಕ್ಷೆಯವರು ಹೆಂಡತಿಯರನ್ನೂ ಮಾತಾಡಿಸಿದರು. ಕಾಯಿಲೆ ಇದ್ದವರ ಮನೆಯಲ್ಲಿ ಜಗಳ, ಹೊಡೆತ ಜಾಸ್ತಿ, ಮಕ್ಕಳ ನಡವಳಿಕೆಯಲ್ಲೂ ತೊಂದರೆ ಜಾಸ್ತಿ ಅಂತ ಗೊತ್ತಾಯಿತು. ಹಾಗಾಗಿ ನಿಮ್ಮ ಮಗ ಬಾಗಿಲಲ್ಲಿ ಮಾಡಿದ್ದು ನಿಮ್ಮ ಮನೆಯಲ್ಲಿ ಮಾತ್ರ ಆಗಿರುವುದಲ್ಲ ಅಕ್ಕಾ.

ಮಕ್ಕಳ ಬಗ್ಗೆ ಮೊದಲು ಹೇಳುತ್ತೇನೆ. ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದು ಕಾರಣ ಯಾರೂ ಹೇಳದಿದ್ದರೆ ಮಗು ಕಾರಣ ತಾನೇ ಅಂತ ತಿಳಿದುಕೊಳ್ಳುತ್ತದೆ. ಭಾಲ್ಕಿಯವರ ತಂಗಿ ದೊಡ್ಡವಳಾದ ಮೇಲೂ ಹಾಗೇ ತಿಳಿದಿದ್ದಾಳೆ, ನೋಡಿ. ಮಗುವಿಗೆ ಯುದ್ಧದ ಕತೆ ಬೇಡ. "ಮುತ್ಯಾ ಹಿಂದೆ ಬಹಳ ಹೆದರಿಕೆಯ ಜಾಗದಲ್ಲಿ ಕೆಲಸ ಮಾಡಿದ್ದರು, ಜೋರು ಸಪ್ಪಳಕ್ಕೆ ಅದು ನೆನಪಾಗುತ್ತದೆ, ನಿನ್ನ ತಪ್ಪೇನೂ ಇಲ್ಲ, ನೀನು ಆಟ ಆಡಬಹುದು" ಅಂದರೆ ಸಾಕು. ಆಟಕ್ಕೆ ಒಂದು ಜಾಗ ಮಾಡಿಕೊಡಿ, ಅಲ್ಲಿ ಕೂಗಲಿ.

ರಾತ್ರಿ ಚೀರಿದಾಗ ಮುಟ್ಟಿ ಅಲುಗಾಡಿಸಿ ಎಬ್ಬಿಸಬೇಡಿ. ಅರೆ ನಿದ್ದೆಯಲ್ಲಿ ಕೈ ಬೀಸಿಬಿಡುತ್ತಾರೆ. ಸ್ವಲ್ಪ ದೂರ ನಿಂತು ಲೈಟ್ ಹಾಕಿ, ಹೆಸರು ಅಥವಾ ಸಂಬಂಧ ಹಿಡಿದು ಕರೆಯಿರಿ. "ಅಪ್ಪಾ, ನಾನು, ಆಳಂದದಲ್ಲಿ ಮನೆಯಲ್ಲಿದ್ದೀರಿ" ಅಂತ.

ಚಿಕಿತ್ಸೆ ಇದೆ. ವಯಸ್ಸಾಯಿತು, ಈಗೇನು ಪ್ರಯೋಜನ ಅಂತ ಬಿಡಬೇಡಿ. ನುರಿತವರ ಜೊತೆ ಕೂತು ಆ ನೆನಪನ್ನು ಮೆಲ್ಲಮೆಲ್ಲಗೆ ಎದುರಿಸುವ ಮಾತಿನ ಚಿಕಿತ್ಸೆಯಿಂದ ಬಹಳ ಮಂದಿಗೆ ಗುಣ ಕಂಡಿದೆ. ಸೆರ್ಟ್ರಾಲಿನ್‌ನಂಥ ಮಾತ್ರೆಗಳೂ ಇವೆ, ಕೆಲಸ ಮಾಡಲು ಕೆಲವು ವಾರ ಬೇಕು, ಅವು ಚಟ ಹಿಡಿಸುವ ಮಾತ್ರೆ ಅಲ್ಲ, ಆದರೆ ಡಾಕ್ಟರಿಗೆ ಹೇಳದೆ ಒಮ್ಮೆಲೇ ನಿಲ್ಲಿಸಬಾರದು. ನಮ್ಮ ಭಾಗದಲ್ಲಿ ಬಹಳ ಮನೆಗಳಲ್ಲಿ ಆಗುವ ಅನಾಹುತ ಇನ್ನೊಂದು. ಮೆಡಿಕಲ್ ಶಾಪಿನಿಂದ ಸುಮ್ನೆ ಅಲ್ಪ್ರಜೋಲಾಂ ತಂದು ನಿದ್ದೆಗೆ ಕೊಡುತ್ತಾರೆ. ಅದು ಈ ಕಾಯಿಲೆಗೆ ಮದ್ದಲ್ಲ, ಚಟ ಹಿಡಿಯುತ್ತದೆ, ಕುಡಿತದ ಜೊತೆ ಸೇರಿದರೆ ಉಸಿರಿಗೇ ಅಪಾಯ. ಭಾಲ್ಕಿ ತಮ್ಮ, ಇದನ್ನು ಗಮನಿಸಿ.

ಎಲ್ಲಿಗೆ ಹೋಗಬೇಕು ಅಂದರೆ, ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್ ಸರ್ಕಾರಿ ಆಸ್ಪತ್ರೆಗಳಿವೆ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೂ ಮನೋವೈದ್ಯರು ಬರುವ ಏರ್ಪಾಡಿದೆ, ಯಾವ ಮಂಗಳವಾರ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಆಸ್ಪತ್ರೆ ಮೆಟ್ಟಿಲು ಹತ್ತಲು ಒಪ್ಪದಿದ್ದರೆ ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಪ್ಪ ಮಾತಾಡದಿದ್ದರೆ ನೀವು ನಿಮ್ಮ ಸಲುವಾಗಿ ಮಾಡಿ. ಮಾಜಿ ಸೈನಿಕರಿಗೆ ಇಸಿಎಚ್‌ಎಸ್ (ಅವರ ಆರೋಗ್ಯ ಯೋಜನೆ) ಕಾರ್ಡಿನಲ್ಲೂ ಮಾನಸಿಕ ಚಿಕಿತ್ಸೆ ಸಿಗುತ್ತದೆ, ಹೆಂಡತಿಗೂ ಸಿಗುತ್ತದೆ. ಅದನ್ನು ಬಹಳ ಮಂದಿ ಬಿಪಿ, ಶುಗರ್ ಮಾತ್ರೆಗೆ ಮಾತ್ರ ಬಳಸುತ್ತಾರೆ.

ಕೊನೆಯದಾಗಿ ಒಂದು, ದಯವಿಟ್ಟು ಹಗುರ ಮಾಡಬೇಡಿ. ಫೌಜಿಯಿಂದ ಬಂದವರು ಬ್ಯಾಂಕ್ ಗಾರ್ಡ್ ಕೆಲಸಕ್ಕೆ ಸೇರಿ ಮನೆಯಲ್ಲಿ ಲೈಸೆನ್ಸ್ ಬಂದೂಕು ಇಟ್ಟಿರುತ್ತಾರೆ. ಬದುಕು ಸಾಕು ಅನ್ನುವ ಮಾತು ಬರುತ್ತಿದ್ದರೆ, ಕುಡಿತ ಜಾಸ್ತಿ ಇದ್ದರೆ, ಬಂದೂಕು ಮನೆಯಲ್ಲಿ ಇರಬಾರದು. ಪೊಲೀಸ್ ಠಾಣೆಯಲ್ಲಿ ಡಿಪಾಸಿಟ್ ಮಾಡಬಹುದು. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ.

ಫೌಜಿ ಹೆಂಡತಿ, ಹುಮನಾಬಾದ್

ಎಲ್ಲರೂ ಮಕ್ಕಳ ಬಗ್ಗೆ, ಅಪ್ಪನ ಬಗ್ಗೆ ಬರೆದಿರಿ. ಆಳಂದದ ಮಗಳೇ, ನಿನ್ನ ಅವ್ವ "ಭಜ್ಜಿಗಿ ಉಪ್ಪು" ಅಂದದ್ದು ನನಗೆ ಎದೆಗೆ ನಾಟಿತು. ಅದು ನನ್ನ ಕೆಲಸ. ಇಷ್ಟು ವರ್ಷ ಮಾಡಿದ್ದೇನೆ. ಅವರ ಕಾಲಿನ ಸಪ್ಪಳ ಕೇಳಿ ಇವತ್ತು ಹೇಗಿದ್ದಾರೆ ಅಂತ ತಿಳಿಯುವುದು, ಮಕ್ಕಳ ಮಾರ್ಕ್ಸ್ ಕಾರ್ಡ್ ಯಾವ ದಿನ ತೋರಿಸಬೇಕು ಅಂತ ನೋಡುವುದು, ಬೀಗರು ಬಂದಾಗ ಅವರು ಎದ್ದು ಹೋದರೆ "ತಲೆ ನೋವದ" ಅಂತ ಸುಳ್ಳು ಹೇಳುವುದು, ಸಾಮಾನು ಬಿದ್ದು ಸಪ್ಪಳ ಆಗಬಾರದು ಅಂತ ಸ್ಟೀಲ್ ಡಬ್ಬಿ ಎಲ್ಲ ಕೆಳಗೆ ಇಡುವುದು. ನನಗೂ ನಿದ್ದೆ ಇಲ್ಲ. ನನಗೂ ಕುಕ್ಕರ್ ಸೀಟಿ ಹೊಡೆದರೆ ಎದೆ ಬಡಿಯುತ್ತದೆ. ನಾನು ಯಾವ ಯುದ್ಧಕ್ಕೂ ಹೋದವಳಲ್ಲ.

ಒಂದು ಮಾತು ಸ್ಪಷ್ಟವಾಗಿ ಕೇಳಬೇಕು. ಅದು ಕಾಯಿಲೆ ಅಂತ ಗೊತ್ತಾಯಿತು, ಸರಿ. ಹಾಗಾದರೆ ಅವರು ಕೈ ಮಾಡಿದಾಗ ನಾನು ಸಹಿಸಬೇಕಾ? ಶಹಾಪುರದ ತಮ್ಮ ಹೇಳಿದ ಹಾಗೆ "ಸ್ವಲ್ಪ ಸಹಿಸಿಕೊಳ್ಳಿ" ಅಂತ ನನ್ನ ಅತ್ತೆ, ನನ್ನ ತವರಿನವರು ಎಲ್ಲರೂ ಹೇಳಿದರು. ಆ ಸ್ವಲ್ಪಕ್ಕೆ ಕೊನೆ ಎಲ್ಲಿ?

ಬೀದರ್ ನರ್ಸ್

ಅಕ್ಕಾ, ಸಹಿಸಬೇಕಿಲ್ಲ. ಕಾಯಿಲೆಗೆ ಚಿಕಿತ್ಸೆ ಕೊಡಿಸೋಣ, ಹೊಡೆತಕ್ಕೆ ಅದು ಪರವಾನಗಿ ಅಲ್ಲ. ಈ ಕಾಯಿಲೆ ಇದ್ದೂ ಯಾರ ಮೇಲೂ ಕೈ ಮಾಡದವರು ಬಹಳ ಮಂದಿ ಇದ್ದಾರೆ. ಹೆಂಗಸರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ ಮಾಜಿ ಸೈನಿಕರ ಮನೆಗೂ ಅನ್ವಯ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು, ಜೀವಕ್ಕೆ ಅಪಾಯ ಅನ್ನಿಸಿದರೆ 112. ಅವರು ಶಾಂತವಾಗಿ ಇರುವ ದಿನ ಹೇಳಿ, "ಕೈ ಎತ್ತಿದ ದಿನ ನಾನು ಮಕ್ಕಳನ್ನು ಕರಕೊಂಡು ಇಂಥವರ ಮನೆಗೆ ಹೋಗುತ್ತೇನೆ" ಅಂತ. ಹೇಳಿದ ಹಾಗೆ ಹೋಗಿ. ಆ ಇಂಥವರು ಯಾರು ಅಂತ ಇವತ್ತೇ ಗೊತ್ತು ಮಾಡಿಕೊಳ್ಳಿ. ಎದೆ ಬಡಿತಕ್ಕೆ, ನಿದ್ದೆಗೆ ನೀವೂ ತೋರಿಸಿಕೊಳ್ಳಬೇಕು, ಅವರ ಜೊತೆ ಅಲ್ಲ, ಬೇರೆಯಾಗಿ.

ಶಹಾಪುರದವ

ಅಕ್ಕಾ, ನಾನು ಸಹಿಸಿಕೊಳ್ಳಿ ಅಂದದ್ದು ಸಿಟ್ಟಿನ ಮಾತಿಗೆ, ಹೊಡೆತಕ್ಕಲ್ಲ. ಹೊಡೆತವನ್ನು ಯಾರೂ ಸಹಿಸಬಾರದು. ಮನೆ ಮಾತು ಹೊರಗೆ ಹೋದರೆ ಫೌಜಿಯವರ ಹೆಸರು ಕೆಡುತ್ತದೆ ಅನ್ನುವ ಕಾಳಜಿ ನನಗೆ ಈಗಲೂ ಇದೆ, ಆದರೆ ಡಾಕ್ಟರ್ ಹತ್ತಿರ ಹೋಗುವುದರಲ್ಲಿ ಹೆಸರು ಕೆಡುವುದು ಏನೂ ಇಲ್ಲ ಅಂತ ಹವಾಲ್ದಾರ್ ಕಾಕಾ ಹೇಳಿದರೆ ನಾನು ಒಪ್ಪುತ್ತೇನೆ.

ಬಸವಕಲ್ಯಾಣ

ನಮ್ಮ ಮನೆಯಲ್ಲಿ ಫೌಜಿ ಯಾರೂ ಇಲ್ಲ, ಆದರೂ ಬರೆಯಬೇಕು ಅನ್ನಿಸಿತು. ನಮ್ಮ ಕಡೆ ಯುದ್ಧ ಮನೆ ಬಾಗಿಲಿಗೇ ಬಂದಿತ್ತು. ಹೈದರಾಬಾದ್ ನಿಜಾಮರ ಪರ ನಿಂತ ರಜಾಕಾರರ ಪಡೆಯ ಕಾಲದಲ್ಲಿ ನಮ್ಮ ಆಯಿ, ಅಂದರೆ ಅಜ್ಜಿ, ಚಿಕ್ಕವಳು. 1948ರಲ್ಲಿ ಗೋರಟಾದಲ್ಲಿ ನಡೆದ ಕೊಲೆಗಳ ಸುದ್ದಿ ಬಂದಾಗ ಅವಳನ್ನೂ ಅವಳ ಅಕ್ಕನನ್ನೂ ಜೋಳ ತುಂಬುವ ಹಗೇವಿನೊಳಗೆ ಇಳಿಸಿ ಮೇಲೆ ಮುಚ್ಚಿದ್ದರಂತೆ. ಸೆಪ್ಟೆಂಬರ್ 17ಕ್ಕೆ ನಿಜಾಮರು ಸೋತರು, ನಾವೀಗ ಆ ದಿನ ಧ್ವಜ ಹಾರಿಸುತ್ತೇವೆ. ಆಯಿ ಮಾತ್ರ ಸಾಯುವತನಕ ಬಾಗಿಲು ಚಿಲಕ ಹಾಕಿ ಮಲಗಲಿಲ್ಲ. ತಲೆದಿಂಬಿನ ಹತ್ತಿರ ಒಂದು ಗಂಟು, ಅದರಲ್ಲಿ ಒಂದು ಸೀರೆ, ಒಣ ರೊಟ್ಟಿ, ಸ್ವಲ್ಪ ದುಡ್ಡು. ರೊಟ್ಟಿ ಹಳತಾದರೆ ಬದಲಾಯಿಸುತ್ತಿದ್ದಳು. ನಮ್ಮಪ್ಪ ಅವಳ ಮಗ. ಅವರು ಇವತ್ತಿಗೂ ನಮ್ಮನ್ನು ಸಂಜೆ ಆದ ಮೇಲೆ ಹೊರಗೆ ಬಿಡುವುದಿಲ್ಲ, ಕಾಲೇಜಿಗೆ ಬೇರೆ ಊರಿಗೆ ಕಳಿಸಲಿಲ್ಲ. ಯಾಕೆ ಅಂದರೆ ಅವರಿಗೇ ಉತ್ತರ ಗೊತ್ತಿಲ್ಲ, "ಕಾಲ ಸರಿ ಇಲ್ಲ" ಅನ್ನುತ್ತಾರೆ. ಅವರು ಹುಟ್ಟಿದ್ದು 1960ರ ಮೇಲೆ.

ರೋಜಾ ಕಡೆಯವನು, ಕಲಬುರಗಿ

ಬಸವಕಲ್ಯಾಣದ ಸಹೋದರಾ, ನಿಮ್ಮ ಆಯಿಯ ಗಂಟು ಓದಿ ನನ್ನ ದಾದಿ ನೆನಪಾದಳು. ನಮ್ಮ ಮನೆಯದು ಅದೇ ವರ್ಷದ ಇನ್ನೊಂದು ಬದಿ. ಭಾರತದ ಸೈನ್ಯ ಬಂದ ಮೇಲೆ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ದಾಳಿ ಆಯಿತು. ರಜಾಕಾರರಿಗೆ ಸಂಬಂಧವೇ ಇಲ್ಲದ ಜನವೂ ಸತ್ತರು. ದಾದಿಯ ಇಬ್ಬರು ಅಣ್ಣಂದಿರು ಹಾಗೆ ಹೋದರು. ಆಗ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳು ಅಂತ ಹೇಳಿದ್ದರಲ್ಲಿ ಬೀದರ್, ಗುಲ್ಬರ್ಗ ಎರಡೂ ಇವೆ. ಆ ವರದಿ ಬಹಳ ವರ್ಷ ಹೊರಗೇ ಬರಲಿಲ್ಲ. ದಾದಿಯೂ ಹೇಳಲಿಲ್ಲ. ಅಬ್ಬಾ ಸಣ್ಣವರಿದ್ದಾಗ "ಮಾಮೂಗಳು ಎಲ್ಲಿ?" ಅಂತ ಕೇಳಿದರೆ ಏಟು ಬೀಳುತ್ತಿತ್ತಂತೆ. ಅಬ್ಬಾ ನಮಗೂ ಯಾವ ಪ್ರಶ್ನೆ ಕೇಳಿದರೂ ಮೊದಲು ಬೈಯುತ್ತಾರೆ, ಆಮೇಲೆ ಉತ್ತರ ಕೊಡುತ್ತಾರೆ. ನಿಮ್ಮ ಆಯಿ, ನಮ್ಮ ದಾದಿ ಒಂದೇ ಸಂತೆಗೆ ಬರುತ್ತಿದ್ದರೋ ಏನೋ.

ಅಫಜಲಪುರ

ನಮ್ಮ ಕಾಕಾನನ್ನು ಮನೆಯವರು ಗಾಣಗಾಪುರಕ್ಕೆ ಕರಕೊಂಡು ಹೋದರು, ದೆವ್ವ ಹಿಡಿದಿದೆ ಅಂತ. ಸಂಗಮದಲ್ಲಿ ಸ್ನಾನ ಮಾಡಿಸಿ ಸೇವೆ ಮಾಡಿಸಿದರು. ದೇವರಿಗೆ ಹೋಗುವುದು ನನಗೆ ಬೇಡ ಅನ್ನಿಸುವುದಿಲ್ಲ, ಅಲ್ಲಿ ಅವರಿಗೆ ಸ್ವಲ್ಪ ಸಮಾಧಾನ ಆದದ್ದೂ ನಿಜ. ಆದರೆ ದೆವ್ವ ಅಂದ ಕೂಡಲೇ ಅವರ ಮಕ್ಕಳು ಅವರ ಹತ್ತಿರ ಹೋಗುವುದನ್ನೇ ಬಿಟ್ಟರು. ಅದಕ್ಕೆ ಹೇಳುತ್ತೇನೆ, ದತ್ತನಿಗೂ ಹೋಗಿ, ಡಾಕ್ಟರಿಗೂ ಹೋಗಿ, ದೆವ್ವ ಅನ್ನುವ ಮಾತು ಮಾತ್ರ ಮಕ್ಕಳ ಕಿವಿಗೆ ಹಾಕಬೇಡಿ.

ಆಳಂದದ ಮಗಳು

ಎಲ್ಲರಿಗೂ ಒಂದೊಂದಾಗಿ ಉತ್ತರ ಬರೆಯಲು ಆಗುತ್ತಿಲ್ಲ, ಕ್ಷಮಿಸಿ. ಹುಮನಾಬಾದ್ ಅಕ್ಕ ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಅವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ "ಆಕಿಗೂ ಹಂಗೇನು?" ಅಂದಳು. ಆಮೇಲೆ ಮಾತು ಬಂತು. 1988ರಲ್ಲಿ ಅಪ್ಪನ ಕಾಗದ ಬರುವುದು ಕೆಲವು ತಿಂಗಳು ನಿಂತಿತ್ತಂತೆ, ಪೋಸ್ಟ್‌ಮ್ಯಾನ್ ಸೈಕಲ್ ಓಣಿಗೆ ಬಂದರೆ ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ, ತಂತಿ ಬಂದಿದೆಯೋ ಏನೋ ಅಂತ. ಇದನ್ನು ಅವ್ವ ಅಪ್ಪನಿಗೂ ಹೇಳಿಲ್ಲ. ಅಪ್ಪ ಅಲ್ಲಿಂದ ಏನೂ ಹೇಳಲಿಲ್ಲ, ಅವ್ವ ಇಲ್ಲಿಂದ ಏನೂ ಹೇಳಲಿಲ್ಲ.

ಮಗನಿಗೆ ನರ್ಸ್ ಅಕ್ಕ ಹೇಳಿದ ಹಾಗೇ ಹೇಳಿದೆ. "ಮುತ್ಯಾಗೂ ಅಂಜಿಕಿ ಬರ್ತದೇನು?" ಅಂತ ಕೇಳಿದ. ಹೂಂ ಅಂದೆ. ಹಿಂದಿನ ಹಿತ್ತಲು ಅವನಿಗೆ ಬಿಟ್ಟಿದ್ದೇನೆ, ಅಲ್ಲಿ ಗೆಳೆಯರ ಜೊತೆ ಕೂಗಾಡುತ್ತಾನೆ.

ಅಪ್ಪನ ಜೊತೆ ಹೊಲದಲ್ಲಿ ತೊಗರಿ ನೋಡುತ್ತಾ ನಡೆಯುವಾಗ, ನಿಮ್ಮ ಜೊತೆ ಯಾರಿದ್ದರು ಅಂತ ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಮಧುರೈ ಕಡೆಯ ಒಬ್ಬರ ಹೆಸರು ಹೇಳಿದರು, ಜಾಫ್ನಾದಲ್ಲಿ ಜನರ ಜೊತೆ ತಮಿಳು ಮಾತಾಡಿ ಎಲ್ಲರಿಗೂ ನೀರು, ಎಳನೀರು ತರಿಸುತ್ತಿದ್ದವರಂತೆ. ಅಷ್ಟೇ ಹೇಳಿದರು. ನಾನು ಮುಂದೆ ಕೇಳಲಿಲ್ಲ. ಡಾಕ್ಟರ್ ಮಾತು ಎತ್ತಿದ್ದಕ್ಕೆ "ನಂಗೇನಾಗ್ಯದ?" ಅಂದರು. ಹವಾಲ್ದಾರ್ ಕಾಕಾ, ನೀವು ಒಪ್ಪಿದರೆ ಅಪ್ಪನಿಗೆ ಒಮ್ಮೆ ಫೋನ್ ಮಾಡುತ್ತೀರಾ? ನನ್ನ ಮಾತಿಗಿಂತ ನಿಮ್ಮ ಮಾತು ಕೇಳುತ್ತಾರೆ. ನಂಬರ್ ಬೇರೆಯಾಗಿ ಕಳಿಸುತ್ತೇನೆ.

ಚಿಂಚೋಳಿ ಹವಾಲ್ದಾರ್

ಫೋನ್ ಯಾಕೆ ತಂಗಿ, ನಾನೇ ಬರುತ್ತೇನೆ. ಮೊದಲ ಸಲ ಡಾಕ್ಟರ್ ಮಾತು ತೆಗೆಯುವುದಿಲ್ಲ, ಯಾವ ಯೂನಿಟ್, ಯಾವ ಕಮಾಂಡರ್ ಅಂತ ಶುರು ಮಾಡುತ್ತೇನೆ. ನಾನೂ ಮಾತ್ರೆ ತಗೊಂಡವನೇ, ಅದನ್ನು ಎರಡನೇ ಸಲ ಹೇಳುತ್ತೇನೆ. ನನ್ನ ಚೀಟಿ ತೋರಿಸುತ್ತೇನೆ. ಭಾಲ್ಕಿ ತಮ್ಮ, ನಿಮ್ಮಪ್ಪನನ್ನೂ ಬರುವ ಜುಲೈ 26ಕ್ಕೆ ಸನ್ಮಾನ ಮುಗಿದ ಮೇಲೆ ಮನೆಗೆ ಬಿಡಬೇಡ, ನನ್ನ ಹತ್ತಿರ ಕರಕೊಂಡು ಬಾ. ರಾತ್ರಿ ಕೂತಿರೋಣ, ಬಾಟಲಿ ಇಲ್ಲದೆ.

ಬೀದರ್ ನರ್ಸ್

ಆಳಂದದ ಅಕ್ಕ, ಅಪ್ಪ ಒಪ್ಪಿದ ದಿನ ಇಸಿಎಚ್‌ಎಸ್ ಕಾರ್ಡ್, ಡಿಸ್ಚಾರ್ಜ್ ಬುಕ್ ಜೆರಾಕ್ಸ್, ಈಗ ತೆಗೆದುಕೊಳ್ಳುವ ಬಿಪಿ ಶುಗರ್ ಮಾತ್ರೆಗಳ ಚೀಟಿ ತನ್ನಿ. ರಾತ್ರಿ ಎಷ್ಟು ಹೊತ್ತಿಗೆ ಏಳುತ್ತಾರೆ, ವಾರಕ್ಕೆ ಎಷ್ಟು ಸಲ ಚೀರುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದಿಡಿ, ಡಾಕ್ಟರ್ ಅದನ್ನೇ ಮೊದಲು ಕೇಳುತ್ತಾರೆ. ಓಪಿಡಿಯಲ್ಲಿ ಗದ್ದಲ ಇರುತ್ತದೆ, ಬೆಳಿಗ್ಗೆ ಬೇಗ ಬಂದರೆ ಗೋಡೆ ಕಡೆ ಬೆಂಚ್ ಸಿಗುತ್ತದೆ, ಅಲ್ಲಿ ಕೂರಿಸಿ. ಅವ್ವನಿಗೆ ಬೇರೆ ಚೀಟಿ ಮಾಡಿಸಿ, ಅವತ್ತೇ.